ಮಡಿಸೀರೆ

ಪೂಜೆ, ನೈವೇದ್ಯದ ಅಡುಗೆ, ಶ್ರಾದ್ಧ, ವ್ರತಗಳ ಹೊತ್ತಿಗೆಂದೇ ಹೆಂಗಸರು ನಿತ್ಯದ ಉಡುಗೆಯಿಂದ ಬೇರೆಯಾಗಿ ಇರಿಸಿಕೊಳ್ಳುವ ಸೀರೆ. ಕರ್ನಾಟಕದ ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳಲ್ಲಿ ಇದರ ಆಚರಣೆ ಕಟ್ಟುನಿಟ್ಟು.

ಸಾಧಾರಣ ಹತ್ತಿಯ ಸೀರೆಯೇ ಮಡಿಯಾಗುವುದು ಅದನ್ನು ನಡೆಸಿಕೊಳ್ಳುವ ಬಗೆಯಿಂದ. ಒಗೆದು, ಹಿಂಡಿ, ಯಾರ ಕೈಯೂ ತಾಕದಂತೆ ಎತ್ತರದ ಗಳುವಿನ ಮೇಲೆ ಕೋಲಿನಿಂದ ಹರವುತ್ತಾರೆ. ಮರುದಿನ ಸ್ನಾನ ಮಾಡಿದವರೇ ಅದನ್ನು ಇಳಿಸಿ ಉಡಬೇಕು; ನಡುವೆ ಮೈಲಿಗೆಯ ಬಟ್ಟೆ ತಗುಲಿದರೆ ಮತ್ತೆ ನೀರಿಗೆ. ರೇಷ್ಮೆಗೆ ಕಟ್ಟು ಸಡಿಲ: ಪಟ್ಟೆಮಡಿಯನ್ನು ಪ್ರತಿಸಲ ಒಗೆಯಬೇಕಿಲ್ಲ. ಮಾಧ್ವರಲ್ಲಿ ಕಚ್ಚೆ ಹಾಕಿ ಉಡುವುದು ರೂಢಿ. ಮಳೆಗಾಲದಲ್ಲಿ ಅರೆ ಒಣಗಿದ ಸೀರೆಯುಟ್ಟು ಒಲೆಯ ಮುಂದೆ ಕೂತ ಹೆಂಗಸರ ಪಾಡನ್ನು ಈ ನಿಯಮದ ಲೆಕ್ಕಕ್ಕೆ ಸೇರಿಸಲೇಬೇಕು. ಮುಟ್ಟು ಮತ್ತು ಜಾತಿಯ ಹೆಸರಿನಲ್ಲಿ ದೂರವಿಡಲಾದವರ ನೋವನ್ನೂ.

ಬೇರೆ ಧರ್ಮಗಳಲ್ಲಿ ನೋಡಿದರೆ, ಯೆಹೂದಿ ಹೆಂಗಸರು ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ತೊಡುವ ಉಡುಪು ಮಡಿಸೀರೆಗೆ ಹತ್ತಿರದ್ದು. ಸಬ್ಬತ್ತಿನ ಉಡುಗೆ ವಾರದ ಉಳಿದ ದಿನಗಳ ಉಡುಗೆಯಂತೆ ಇರಬಾರದೆಂದು ಯೆಹೂದಿ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ಅಲ್ಲಿ ಗೌರವ ಸಲ್ಲುವುದು ದಿನಕ್ಕೆ, ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ. ಮಡಿಸೀರೆ ಕರ್ಮಕ್ಕೆ ಅಂಟಿದ್ದು. ಕೆಲಸ, ಊಟ ಮುಗಿದೊಡನೆ ಬದಲಾಗುತ್ತದೆ.