ದುಡಿಮೆಯಲ್ಲಿ ದಾರಿಹೋಕನ ಪಾಲು

ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1330ರ ದಶಕದ ಆರಂಭದಲ್ಲಿ ಇಂದಿನ ಟರ್ಕಿಯ ಅಂತಾಲ್ಯ ಪಟ್ಟಣಕ್ಕೆ ಬಂದಾಗ ಅವನಿಗೆ ಅಲ್ಲಿನ ಮಾತು ತಿಳಿಯುತ್ತಿರಲಿಲ್ಲ. ಬಂದ ಎರಡನೆಯ ದಿನ, ಹಳೆಯ ಬಟ್ಟೆ ತೊಟ್ಟು ಉಣ್ಣೆಯ ಟೋಪಿ ಇಟ್ಟಿದ್ದ ಒಬ್ಬಾತ ಬಂದು, ಅವನ ಜೊತೆಗಿದ್ದ ಶೇಖ್‌ಗೆ ತುರ್ಕಿಯಲ್ಲಿ ಏನೋ ಹೇಳಿದ. ತನ್ನನ್ನೂ ಸಂಗಡಿಗರನ್ನೂ ಊಟಕ್ಕೆ ಕರೆಯುತ್ತಿದ್ದಾನೆಂದು ಗೊತ್ತಾದಾಗ, ಬಡವನಿಗೆ ಹೊರೆಯಾಗುವುದು ಬೇಡವೆಂದು ಇಬ್ನ್ ಬತೂತ ಹಿಂಜರಿದ. ಶೇಖ್ ನಕ್ಕು ವಿಷಯ ಬಿಡಿಸಿ ಹೇಳಿದ: ಆತ ಚರ್ಮ ಹೊಲಿಯುವ ಕಸುಬಿನವ, ಸುಮಾರು 200 ಕುಶಲಕರ್ಮಿಗಳು ಆರಿಸಿಕೊಂಡ ಮುಖಂಡ, ಅವರೆಲ್ಲ ಸೇರಿ ಅತಿಥಿಗಳಿಗೆಂದು ಛತ್ರ ಕಟ್ಟಿದ್ದಾರೆ, ಹಗಲು ಗಳಿಸಿದ್ದನ್ನು ರಾತ್ರಿ ಅಲ್ಲಿ ಖರ್ಚು ಮಾಡುತ್ತಾರೆ. ಅಂದು ರಾತ್ರಿ ಅವನು ಕಂಡದ್ದು ಒಳ್ಳೆಯ ರತ್ನಗಂಬಳಿ, ಇರಾಕಿ ಗಾಜಿನ ದೀಪಗಳು, ಹಣ್ಣು, ಸಿಹಿ, ಹಾಡು ಮತ್ತು ಕುಣಿತ.

ಅಖಿ ಎಂದು ಕರೆಯುವ ಇಂಥ ಮುಖಂಡರ ಸಂಘಗಳು ಆಗ ಅನಟೋಲಿಯಾದ, ಅಂದರೆ ಇಂದಿನ ಟರ್ಕಿಯ ಬಹುಭಾಗದ, ಊರೂರಲ್ಲೂ ಇದ್ದವು. ಪರದೇಶಿಗೆ ಅನಿರೀಕ್ಷಿತವಾಗಿ ಕಂಡ ಕರುಣೆಯ ಹಿಂದೆ ಊರಿನವರು ನಿತ್ಯ ನಡೆಸಿಕೊಂಡು ಬಂದ ಏರ್ಪಾಡು ಇತ್ತು ಎಂಬುದೇ ಇಲ್ಲಿ ಮುಖ್ಯ. ಒಬ್ಬನ ಒಳ್ಳೆಯ ಮನಸ್ಸು ಒಂದು ಊಟ ಹಾಕಬಹುದು. ಊರಿಂದೂರಿಗೆ ಅಂಥದೇ ಆದರ ಸಿಗಬೇಕಾದರೆ ಕಟ್ಟಡ, ಕೂಡುನಿಧಿ, ಸರದಿ ಎಲ್ಲವೂ ಬೇಕು. ಅಲ್ಲಿನ ಲಾಧಿಕ್ ಪಟ್ಟಣದಲ್ಲಿ ಜನ ಈ ಪ್ರವಾಸಿಗಳ ಕುದುರೆಗಳ ಕಡಿವಾಣ ಹಿಡಿದು ಜಗಳಕ್ಕಿಳಿದಾಗ, ದರೋಡೆಕೋರರೆಂದು ಇಬ್ನ್ ಬತೂತ ಹೆದರಿದ್ದ. ಅವರು ಅತಿಥಿ ತಮಗೇ ಬೇಕೆಂದು ಪಟ್ಟು ಹಿಡಿದ ಎರಡು ಸಂಘಗಳವರು. ಕೊನೆಗೆ ಚೀಟಿ ಎತ್ತಿ ತೀರ್ಮಾನಿಸಿಕೊಂಡರು.

ಇದರಲ್ಲಿ ಸ್ವಾರ್ಥವಿರಲಿಲ್ಲವೇ ಎಂದು ಕೇಳಬಹುದು. ಇತ್ತು. ಸಂಘಕ್ಕೆ ಹೆಸರು ಬರುತ್ತಿತ್ತು. ಸುಲ್ತಾನನಿಲ್ಲದ ಊರಲ್ಲಿ ಅಖಿಯೇ ಆಡಳಿತ ನಡೆಸುತ್ತಿದ್ದ. ಇಬ್ನ್ ಬತೂತನೂ ಅವರದೇ ಧರ್ಮದ ವಿದ್ವಾಂಸ. ಆದರೆ ಅವನೇ ಹೇಳುವಂತೆ, ಅತಿಥಿ ಬಾರದ ದಿನವೂ ಅವರು ಸಂಜೆ ಗಳಿಕೆಯನ್ನು ಒಟ್ಟುಗೂಡಿಸಿ ಒಟ್ಟಿಗೇ ಉಣ್ಣುತ್ತಿದ್ದರು. ಬರೀ ತೋರಿಕೆಯಾಗಿದ್ದರೆ ನೋಡುವವರಿಲ್ಲದ ದಿನ ಇದು ನಡೆಯುತ್ತಿರಲಿಲ್ಲ. ಕಟ್ಟಳೆಯಿಂದ ಬಂದದ್ದು ನಿಜವಾದ ದಯೆಯೇ ಎಂಬ ಇನ್ನೊಂದು ಆಕ್ಷೇಪಕ್ಕೂ ಉತ್ತರವಿದೆ. ಕಟ್ಟಳೆ ಮಾಡಿಕೊಂಡವರು ಅವರೇ, ದುಡಿದ ಕಾಸು ಅವರದೇ. ಮನಸ್ಸಿಲ್ಲದೆ ಅಂಥ ಕಟ್ಟಳೆ ಬಹುಕಾಲ ನಿಲ್ಲದು.

ಮುಂದೆ ಭಾರತದ ಪಶ್ಚಿಮ ಕರಾವಳಿಯಲ್ಲೂ ಅವನು ಇಂಥದೇ ಏರ್ಪಾಡು ಕಂಡ. ಗೋವೆಯಿಂದ ಕೊಲ್ಲಂವರೆಗಿನ ದಾರಿಯಲ್ಲಿ ಅರ್ಧ ಮೈಲಿಗೊಂದು ಮರದ ಮನೆ, ಕೂರಲು ಜಗಲಿ, ಬಾವಿ, ನೀರು ಕೊಡಲು ಒಬ್ಬ ಆಳು ಇದ್ದುದನ್ನು ಬರೆದಿದ್ದಾನೆ. ನಮ್ಮ ಅರವಟ್ಟಿಗೆಗಳ ಸಾಲಿಗೇ ಸೇರುವ ವ್ಯವಸ್ಥೆ ಅದು. ಅಲ್ಲಿ ಮುಸ್ಲಿಮರಿಗೆ ಪಾತ್ರೆ ಕೊಡದೆ ಬೊಗಸೆಗೆ ನೀರು ಹೊಯ್ಯುತ್ತಿದ್ದರೆಂಬುದನ್ನೂ ಅವನು ಮರೆಮಾಚಿಲ್ಲ. ಪದ್ಧತಿ ಕರುಣೆಯನ್ನು ಉಳಿಸುತ್ತದೆ, ತನ್ನ ಕಾಲದ ಭೇದವನ್ನೂ ಉಳಿಸುತ್ತದೆ. ಭೇದವನ್ನು ಬಿಟ್ಟು ಏರ್ಪಾಡನ್ನು ಉಳಿಸಿಕೊಳ್ಳುವುದು ನಮ್ಮ ಹೊಣೆ. ಅಪರಿಚಿತನ ಹಸಿವು ನೀಗುವ ಕೆಲಸವನ್ನು ಯಾರೋ ಒಬ್ಬ ಪುಣ್ಯಾತ್ಮನಿಗೆ ಬಿಟ್ಟು ಕೂರದೆ, ಊರೇ ಅದನ್ನು ತನ್ನ ದಿನಚರಿಯಾಗಿಸಿಕೊಳ್ಳಬೇಕು.