ಕುಳಿತಲ್ಲೇ ಟ್ಯಾಪ್ ಡ್ಯಾನ್ಸ್ ಮಾಡಿದರೆ ಮರೆವಿನ ಕಾಯಿಲೆ ಬರುವುದಿಲ್ಲವೇ? ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ತಲೆ ನರೆತ ಹಿರಿಯರು ಸಾಲಾಗಿ ಕುರ್ಚಿಗಳಲ್ಲಿ ಕುಳಿತು, ಅಡಿಗೆ ಲೋಹದ ತಟ್ಟೆ ಹಾಕಿದ ಶೂಗಳಿಂದ ನೆಲವನ್ನು ಟಕಟಕ ಬಡಿಯುವ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಇಂಥ ವಿಡಿಯೊಗಳ ಜೊತೆ ಸಾಮಾನ್ಯವಾಗಿ ಎರಡು ಮಾತು ಅಂಟಿಕೊಂಡು ಬರುತ್ತವೆ. ‘ನೃತ್ಯ ಮಾಡಿದರೆ ಮರೆವಿನ ಕಾಯಿಲೆ 76% ಕಡಿಮೆ’ ಎಂಬುದು ಒಂದು. ‘ಮೀನಖಂಡ ಎರಡನೇ ಹೃದಯ, ಕುಳಿತಲ್ಲೇ ಹಿಮ್ಮಡಿ ಎತ್ತಿದರೆ ಸಾಕು’ ಎಂಬುದು ಇನ್ನೊಂದು.

ಕುಳಿತು ಮಾಡುವ ಟ್ಯಾಪ್ ತಮಾಷೆಯಲ್ಲ. ಅಮೆರಿಕ, ಬ್ರಿಟನ್‌ಗಳಲ್ಲಿ ಹಿರಿಯರಿಗೂ ವೀಲ್‌ಚೇರ್ ಬಳಸುವವರಿಗೂ ಅದನ್ನು ಕ್ರಮವಾಗಿ ಕಲಿಸುತ್ತಾರೆ. ತಕರಾರು ಇರುವುದು ವಿಡಿಯೊದ ಕೆಳಗಿನ ಸಾಲುಗಳ ಬಗ್ಗೆ.

76% ಎಲ್ಲಿಂದ ಬಂತು?

2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಜೋ ವರ್ಗೀಸ್ ಮತ್ತು ಸಂಗಡಿಗರ ಅಧ್ಯಯನವೊಂದು ಪ್ರಕಟವಾಯಿತು. ನ್ಯೂಯಾರ್ಕ್‌ನ 75 ವರ್ಷ ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದಾಗ 124 ಮಂದಿಗೆ ಡಿಮೆನ್ಶಿಯಾ ಬಂದಿತ್ತು. ದೈಹಿಕ ಚಟುವಟಿಕೆಗಳ ಪೈಕಿ ನೃತ್ಯ ಮಾಡುತ್ತಿದ್ದವರಲ್ಲಿ ಮಾತ್ರ ಅಪಾಯ ಕಡಿಮೆ ಕಂಡಿತು. ಅದೇ 76%.

ಆದರೆ ಇದು ನೃತ್ಯ ಕಲಿಸಿ ಫಲಿತಾಂಶ ಅಳೆದ ಪ್ರಯೋಗವಲ್ಲ, ದೂರದಿಂದ ಗಮನಿಸಿದ ಅಧ್ಯಯನ. ಎಪ್ಪತ್ತೈದರಲ್ಲೂ ನೃತ್ಯಕ್ಕೆ ಹೋಗುವವರ ಕಾಲು, ಮನಸ್ಸು ಮೊದಲೇ ಗಟ್ಟಿ ಇದ್ದಿರಬಹುದು. ಕಾಯಿಲೆಯ ಮೊದಲ ಲಕ್ಷಣ ಶುರುವಾದವರು ನೃತ್ಯ ಬಿಟ್ಟಿರಲೂಬಹುದು. ಕುಳಿತು ಮಾಡುವ ಟ್ಯಾಪ್‌ಗೆ ಅಲ್ಲಿ ಪ್ರತ್ಯೇಕ ಲೆಕ್ಕವೇ ಇಲ್ಲ. ಇನ್ನೊಂದು ತಮಾಷೆ: ಅದೇ ಅಧ್ಯಯನದಲ್ಲಿ ಓದುವುದು, ಬೋರ್ಡ್ ಆಟ, ವಾದ್ಯ ನುಡಿಸುವುದು ಕೂಡ ಒಳ್ಳೆಯದೆಂದು ಕಂಡಿತ್ತು. ಪುಸ್ತಕ ಓದುವ ಅಜ್ಜನ ವಿಡಿಯೊ ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ!

‘ಎರಡನೇ ಹೃದಯ’ ಸುಳ್ಳೇ?

ಪೂರ್ತಿ ಸುಳ್ಳಲ್ಲ. ಮೀನಖಂಡ ಬಿಗಿಯಾದಾಗ ಕಾಲಿನ ರಕ್ತನಾಳಗಳು ಹಿಂಡಿದಂತಾಗಿ ರಕ್ತ ಮೇಲಕ್ಕೆ ಹೋಗುತ್ತದೆ. ತಾಸುಗಟ್ಟಲೆ ಕುಳಿತೇ ಇರುವವರಿಗೆ ಹಿಮ್ಮಡಿ ಎತ್ತಿಳಿಸುವುದರಿಂದ ಪಾದದ ಊತ ಕಡಿಮೆಯಾಗಬಹುದು. ಆದರೆ ಒಂದೇ ಕಾಲು ದಿಢೀರ್ ಊದಿ, ನೋವಿದ್ದು ಬಿಸಿಯಾಗಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಆಗ ವ್ಯಾಯಾಮವೂ ಬೇಡ, ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ, ಆ ದಿನವೇ ಆಸ್ಪತ್ರೆಗೆ ಹೋಗಿ.

ಕುಳಿತು ಕುಣಿದರೆ ಅದು ಟ್ಯಾಪ್ ಆಗುತ್ತದೆಯೇ?

ಖಂಡಿತ ಆಗುತ್ತದೆ. ಆಫ್ರಿಕಾ ಮೂಲದ ಗುಲಾಮರ ಕುಣಿತ, ಐರ್ಲೆಂಡ್‌ನ ಜಿಗ್, ಇಂಗ್ಲೆಂಡ್‌ನ ಮರದ ಶೂ ಕುಣಿತ ಬೆರೆತು ಅಮೆರಿಕದಲ್ಲಿ ಹುಟ್ಟಿದ ಕಲೆ ಇದು. ಇಲ್ಲಿ ಪಾದವೇ ವಾದ್ಯ. ಸೌತ್ ಕೆರೊಲಿನಾದ ಕ್ಲೇಟನ್ ಬೇಟ್ಸ್ 12ನೇ ವಯಸ್ಸಿನಲ್ಲಿ ಹತ್ತಿ ಗಿರಣಿಯ ಅಪಘಾತದಲ್ಲಿ ಎಡಗಾಲು ಕಳೆದುಕೊಂಡರು. ಮುಂದೆ ಮರದ ಕಾಲಿನಲ್ಲೇ ಕುಣಿದು ‘ಪೆಗ್ ಲೆಗ್ ಬೇಟ್ಸ್’ ಎಂದು ಹೆಸರಾದರು, ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮಕ್ಕೆ 20ಕ್ಕೂ ಹೆಚ್ಚು ಬಾರಿ ಬಂದರು. ಶೂ ಮತ್ತು ಮರದ ಕಾಲಿನ ಶಬ್ದಗಳ ವ್ಯತ್ಯಾಸವನ್ನೇ ಅವರು ತಮ್ಮ ಶೈಲಿ ಮಾಡಿಕೊಂಡಿದ್ದರು.

ಕಲಿಸುವವರೂ ಹಿಡಿಯುವುದು ಇದೇ ದಾರಿ: ಲಯ ಹಾಗೇ ಇರಲಿ, ಅಂಗ ಬದಲಾಗಲಿ. ಸ್ಟ್ರೋಕ್‌ನಿಂದ ಒಂದು ಕಾಲು ಸೋತಿದ್ದರೆ ಗಟ್ಟಿ ಕಾಲು ನಾಲ್ಕು ಪೆಟ್ಟಿನಲ್ಲಿ ಮೂರನ್ನು ಹಾಕುತ್ತದೆ, ಸೋತ ಕಾಲಿಗೆ ಒಂದು. ಎರಡೂ ಕಾಲು ಆಡದಿದ್ದರೆ ತೊಡೆಯ ಮೇಲೊಂದು ಹಲಗೆ ಇಟ್ಟು ಬೆರಳು, ಅಂಗೈಗಳಿಂದ ಅದೇ ಲಯ. ಕಿವಿ ಕೇಳದವರಿಗೆ ಹಲಗೆಯ ಕಂಪನವೇ ತಾಳ. ಕಣ್ಣು ಕಾಣದವರಂತೂ ತಮ್ಮ ತಪ್ಪನ್ನು ಶಬ್ದದಿಂದಲೇ ಹಿಡಿಯುತ್ತಾರೆ. ಬೇರೆ ನೃತ್ಯಗಳಲ್ಲಿ ಕನ್ನಡಿ ಮಾಡುವ ಕೆಲಸವನ್ನು ಇಲ್ಲಿ ಕಿವಿ ಮಾಡುತ್ತದೆ. ಕುರ್ಚಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ನೃತ್ಯ ಕಡಿಮೆ ಎಂದೇ ನನ್ನ ಅನಿಸಿಕೆ.

ಕುರ್ಚಿಗೆ ಚಕ್ರ ಇರಬಾರದು. ವೀಲ್‌ಚೇರ್ ಆದರೆ ಬ್ರೇಕ್ ಹಾಕಿ, ಪಾದ ನೆಲಕ್ಕೆ ತಾಗುವವರಿಗೆ ಫುಟ್‌ರೆಸ್ಟ್ ಮಡಚಬೇಕು. ಕಾಲ ಕೆಳಗೆ ಒಂದು ಪ್ಲೈವುಡ್ ತುಂಡು ಹಾಕಿದರೆ ಮಾಮೂಲಿ ಶೂಗೂ ಸಾಕಷ್ಟು ಶಬ್ದ ಬರುತ್ತದೆ. ಮೊದಲು ಚಪ್ಪಾಳೆ, ಆಮೇಲೆ ಬಾಯಲ್ಲಿ ಎಣಿಕೆ, ಕೊನೆಗೆ ಪಾದ. ಅಲ್ಲಿ ‘ಫೈವ್, ಸಿಕ್ಸ್, ಸೆವೆನ್, ಎಯ್ಟ್’ ಎನ್ನುತ್ತಾರೆ, ನಮ್ಮ ಹಿರಿಯರಿಗೆ ‘ತಕಧಿಮಿ’ ಬಾಯಿಗೆ ಸುಲಭ. ಪಾದದ ತುದಿ ಬಡಿಯುವುದು, ಹಿಮ್ಮಡಿ ಬಡಿಯುವುದು, ಮತ್ತೆ ಮುಂಗಾಲನ್ನು ನೆಲಕ್ಕೆ ಸವರುತ್ತಾ ಮುಂದೆ ಹಿಂದೆ ಆಡಿಸುವ ‘ಶಫಲ್’, ಇಷ್ಟು ಬಂದರೆ ಒಂದು ಹಾಡು ಮುಗಿಸಬಹುದು. ಜಾಝ್ ಬೇಕೆಂದಿಲ್ಲ, ನಾಲ್ಕರ ಎಣಿಕೆಯ ಹಳೆಯ ಚಿತ್ರಗೀತೆಯೂ ಆದೀತು.

ಪಾರ್ಕಿನ್ಸನ್ ಇರುವವರಿಗೆ ಹೊರಗಿನ ತಾಳ ಹೆಜ್ಜೆ ಇಡಲು ನೆರವಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯತಂಡ 2001ರಲ್ಲಿ ಇಂಥವರಿಗಾಗಿ ಶುರುಮಾಡಿದ ತರಗತಿಗಳೂ ಕುರ್ಚಿಯಿಂದಲೇ ಆರಂಭವಾಗುತ್ತವೆ.

ಹಾಗಾದರೆ ವಾಕಿಂಗ್ ಬಿಡಬಹುದೇ?

ಬಿಡಬೇಡಿ. ಫಾರ್ವರ್ಡ್‌ನ ‘ಕುಳಿತಲ್ಲೇ ಸಾಕು’ ಎಂಬ ಮಾತಿನಿಂದ ನಿಜವಾಗಿ ತೊಂದರೆ ಆಗುವುದು ಇಲ್ಲೇ. ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಎಷ್ಟೋ ಮಂದಿ ಮೊದಲಿನಂತೆ ಓಡಾಡುವುದೇ ಇಲ್ಲ. 2019ರ ಕಾಕ್ರೇನ್ ವಿಮರ್ಶೆ 108 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು 23% ತಗ್ಗಿತ್ತು. ಅದರಲ್ಲಿ ಗಟ್ಟಿ ಆಧಾರ ಸಿಕ್ಕಿದ್ದು ಸಮತೋಲನದ ಮತ್ತು ಏಳುವ, ನಡೆಯುವಂಥ ಕೆಲಸದ ವ್ಯಾಯಾಮಗಳಿಗೆ. ನೃತ್ಯ ಒಂದರಿಂದಲೇ ಬೀಳುವುದು ತಗ್ಗುತ್ತದೆಯೇ ಎಂಬುದಕ್ಕೆ ಅಲ್ಲಿ ಖಚಿತ ಉತ್ತರವಿಲ್ಲ. ಕುಳಿತಾಗ ದೇಹದ ಭಾರ ಕುರ್ಚಿಯ ಮೇಲಿರುತ್ತದೆ, ನಿಂತಾಗಿನ ಸಮತೋಲನ ಅದರಿಂದ ಬರುವುದಿಲ್ಲ. ನಿಲ್ಲಬಲ್ಲವರು ಕುರ್ಚಿಯ ಬೆನ್ನು ಹಿಡಿದು, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು, ನಿಂತೂ ಅಭ್ಯಾಸ ಮಾಡಬೇಕು. ನಿಲ್ಲಲಾಗದವರಿಗೆ ಕುರ್ಚಿಯ ಟ್ಯಾಪ್ ತೋಳು, ಬೆನ್ನು, ಉಸಿರು ಎಲ್ಲಕ್ಕೂ ಕೆಲಸ ಕೊಡುತ್ತದೆ.

ಸೊಂಟದ ಕೀಲು ಬದಲಿಸಿಕೊಂಡವರು, ಇತ್ತೀಚೆಗೆ ಮೂಳೆ ಮುರಿದವರು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿಯೇ ಶುರುಮಾಡಿ. ಮೂಳೆ ಸವೆದವರು ಜೋರಾಗಿ ಬಡಿಯಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಬರಿಗಾಲಲ್ಲಿ ಮಾಡಲೇಬೇಡಿ, ಮುಗಿದ ಮೇಲೆ ಅಂಗಾಲಿನಲ್ಲಿ ಗುಳ್ಳೆ, ಗಾಯ ಇದೆಯೇ ಎಂದು ಮನೆಯವರಿಗೆ ತೋರಿಸಿ. ಲೋಹದ ತಟ್ಟೆಯ ಶೂ ಟೈಲ್ಸ್ ಮೇಲೆ ಜಾರುತ್ತದೆ. ಕುರ್ಚಿಯಿಂದ ಏಳುವ ಮೊದಲು ಅದನ್ನು ಬಿಚ್ಚಿ, ಒಂದೆರಡು ನಿಮಿಷ ಕುಳಿತಿದ್ದು ತಲೆಸುತ್ತು ಇಲ್ಲವೆಂದು ನೋಡಿಕೊಂಡು ಎದ್ದೇಳಿ.