ಪರದೇಶದಲ್ಲಿ ಬಾಯಿ ನೋವು: ಹಲ್ಲು ಕೀಳಿಸುವ ಮೊದಲು ತಿಳಿದಿರಬೇಕಾದದ್ದು

ಲವಂಗ ಅರೆದು ಹಚ್ಚಿದರೆ ಐದೇ ನಿಮಿಷದಲ್ಲಿ ಹಲ್ಲುನೋವು ಮಾಯ ಎನ್ನುವ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಊರಲ್ಲಿದ್ದಾಗ ಅದರಿಂದ ದೊಡ್ಡ ಅನಾಹುತವೇನೂ ಆಗುವುದಿಲ್ಲ. ರಾತ್ರಿ ಲವಂಗ ಕಚ್ಚಿಕೊಂಡು ಮಲಗಿ, ಬೆಳಗ್ಗೆ ಖಾನಾಪುರದಿಂದ ಬಸ್ ಹತ್ತಿದರೆ ಗಂಟೆಯೊಳಗೆ ಬೆಳಗಾವಿಯ ದಂತವೈದ್ಯರ ಮುಂದೆ ಬಾಯಿ ತೆರೆದು ಕೂರಬಹುದು. ಆದರೆ ದುಬೈನಲ್ಲೋ ದೋಹಾದಲ್ಲೋ ಕೆಲಸಕ್ಕೆ ಹೋದವರಿಗೆ, ಹಜ್ ಅಥವಾ ಉಮ್ರಾಗೆ ಹೋದ ಹಿರಿಯರಿಗೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ತಾಯಿಗೆ ರಾತ್ರಿ ಎರಡು ಗಂಟೆಗೆ ದವಡೆ ಸಿಡಿಯತೊಡಗಿದರೆ? ಭಾಷೆ ಬಾರದು, ಆಸ್ಪತ್ರೆಯ ಬಿಲ್ಲಿನ ಭಯ ಬೇರೆ. ಕೊನೆಗೆ ನೆರವಿಗೆ ಬರುವುದು ಫ್ಯಾಮಿಲಿ ಗ್ರೂಪ್. ಅಲ್ಲಿ ಬರುವ ಸಲಹೆಗಳಲ್ಲಿ ಅತಿ ದುಬಾರಿಯಾದದ್ದು ಒಂದಿದೆ: ‘ಆ ಹಲ್ಲು ಕೀಳಿಸಿಬಿಡು, ಪೀಡೆ ಹೋಗಲಿ.’

ಕಿತ್ತ ಮೇಲೂ ನೋವು ಹೋಗದಿದ್ದರೆ ಏನು ಮಾಡುವುದು? ಇದು ಸುಮ್ಮನೆ ಹೆದರಿಸುವ ಮಾತಲ್ಲ. ಮುಖದ ನರದ ಒಂದು ಕಾಯಿಲೆಯಲ್ಲಿ, ಸರಿಯಾದ ಕಾರಣ ಗೊತ್ತಾಗುವ ಮೊದಲೇ ಒಂದೆರಡು ಗಟ್ಟಿ ಹಲ್ಲು ಕೀಳಿಸಿಕೊಂಡವರ ಕಥೆ ವೈದ್ಯಲೋಕಕ್ಕೆ ಹಳೆಯದು.

ಬಾಯಲ್ಲಿ ನೋವು, ಕಾರಣ ಬೇರೆಲ್ಲೋ

ಹಣೆ, ಕೆನ್ನೆ, ಸೈನಸ್, ಮೇಲಿನ ಮತ್ತು ಕೆಳಗಿನ ಹಲ್ಲು, ಒಸಡು, ನಾಲಗೆಯ ಮುಂಭಾಗ, ದವಡೆಯ ಕೀಲು ಇಷ್ಟಕ್ಕೂ ಸ್ಪರ್ಶ ಮತ್ತು ನೋವಿನ ಸುದ್ದಿ ಒಯ್ಯುವುದು ಟ್ರೈಜೆಮಿನಲ್ ಎಂಬ ಒಂದೇ ನರ. ಮುಖದ ಎರಡೂ ಬದಿಗೆ ಒಂದೊಂದು ಇದೆ, ಒಂದೊಂದಕ್ಕೂ ಮೂರು ಕವಲು. ಒಂದೇ ಫೀಡರ್‌ನಲ್ಲಿ ಹತ್ತು ಮನೆಗೆ ಕರೆಂಟ್ ಕೊಟ್ಟ ಹಾಗೆ. ಎಲ್ಲಿ ತಂತಿ ಸುಟ್ಟಿದೆ ಎಂದು ಲೈನ್‌ಮನ್ ಹುಡುಕುವ ಹಾಗೆಯೇ ಮಿದುಳೂ ಹುಡುಕುತ್ತದೆ, ಕೆಲವೊಮ್ಮೆ ತಪ್ಪು ಮನೆಯ ಬಾಗಿಲು ತಟ್ಟುತ್ತದೆ. ಕೆಳಹಲ್ಲು ಹುಳುಕಾದವರು ಮೇಲಿನ ಹಲ್ಲು ತೋರಿಸುವುದು, ಸೈನಸ್ ಕಟ್ಟಿದವರು ದವಡೆ ಹಿಡಿದು ಕೂರುವುದು ಇದೇ ಕಾರಣಕ್ಕೆ.

ಹಾಗಾಗಿ ‘ಎಲ್ಲಿ ನೋವು’ ಎಂಬ ಪ್ರಶ್ನೆಯೊಂದೇ ಸಾಲದು. ಹೇಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ಕೆರಳುತ್ತದೆ ಎಂಬುದರಲ್ಲಿ ಹೆಚ್ಚು ಸುಳಿವಿದೆ.

ತಣ್ಣೀರು, ಬಿಸಿ ಚಹಾ ತಾಗಿದಾಗ ಶುರುವಾಗಿ, ಬಾಯಿಯಿಂದ ಇಳಿದ ಮೇಲೂ ನಿಮಿಷಗಟ್ಟಲೆ ಉಳಿಯುವ, ಮಲಗಿದರೆ ಜಾಸ್ತಿಯಾಗುವ ನೋವು ಬಹುಮಟ್ಟಿಗೆ ಹಲ್ಲಿನದೇ: ಒಳಗಿನ ತಿರುಳು ಊದಿಕೊಂಡಿದೆ ಎಂದರ್ಥ. ಕಚ್ಚಿ ಬಿಟ್ಟ ಕ್ಷಣದಲ್ಲಿ ಚಳಕ್ ಎನ್ನುವ ನೋವಾದರೆ ಹಲ್ಲಿನಲ್ಲಿ ಸಣ್ಣ ಬಿರುಕು ಇರಬಹುದು. ಇದು ಎಕ್ಸ್‌ರೇಯಲ್ಲಿ ಕಾಣದೆ ವೈದ್ಯರನ್ನೂ ಸತಾಯಿಸುತ್ತದೆ. ಇಪ್ಪತ್ತರ ಆಸುಪಾಸಿನವರಿಗೆ ಬಾಯಿಯ ಕೊನೆಯಲ್ಲಿ ಒಸಡು ಬಾತು, ಬಾಯಿ ತೆರೆಯಲು ಕಷ್ಟವಾದರೆ ಅರ್ಧ ಹೊರಬಂದ ಬುದ್ಧಿಹಲ್ಲಿನ ಸುತ್ತ ಸೋಂಕಾಗಿದೆ ಎಂದು ಅನುಮಾನಿಸಬೇಕು. ಮೇಲ್ದವಡೆಯ ಹಿಂದಿನ ಮೂರ್ನಾಲ್ಕು ಹಲ್ಲು ಒಟ್ಟಿಗೇ ನೋಯುತ್ತ, ಬಗ್ಗಿದಾಗ, ಮೆಟ್ಟಿಲು ಇಳಿದಾಗ ಜಾಸ್ತಿಯಾದರೆ, ಜೊತೆಗೆ ಮೂಗು ಕಟ್ಟಿದ್ದರೆ, ಅದು ಸೈನಸ್. ಹೊಸ ಊರು, ಹೊಸ ಕೆಲಸದ ಒತ್ತಡದಲ್ಲಿ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಬೆಳಗ್ಗೆ ಎದ್ದಾಗ ಕಿವಿಯ ಮುಂದೆ ಮಂದ ನೋವು ಇರುತ್ತದೆ.

ವಿಮಾನದಲ್ಲೇ ಶುರುವಾಗುವ ನೋವು

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೊರದೇಶಕ್ಕೆ ನೇರ ವಿಮಾನವಿಲ್ಲ. ಗೋವಾ, ಮುಂಬೈ ಅಥವಾ ಬೆಂಗಳೂರಿನಂಥ ಬೇರೆ ಊರಿನ ಮೂಲಕ ಹೋಗಬೇಕು. ಎರಡೆರಡು ಸಲ ಏರಿ ಇಳಿಯುವ ಈ ಪ್ರಯಾಣದಲ್ಲಿ, ನೆಲದ ಮೇಲೆ ಸುಮ್ಮನಿದ್ದ ಹಲ್ಲು ಆಕಾಶದಲ್ಲಿ ಇದ್ದಕ್ಕಿದ್ದಂತೆ ಎದ್ದು ಕೂಗಬಹುದು.

ಹಾರುವ ವಿಮಾನದ ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಸಾಮಾನ್ಯವಾಗಿ 6,000ರಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟಿರುತ್ತದೆ. ಅಂದರೆ ನೀವು ಸೀಟಿನಲ್ಲಿ ಕೂತು ಮುಳ್ಳಯ್ಯನಗಿರಿಯ ತುದಿಯ ಗಾಳಿಯನ್ನು ಉಸಿರಾಡುತ್ತಿರುತ್ತೀರಿ, ಕೆಲವೊಮ್ಮೆ ಅದಕ್ಕಿಂತಲೂ ತೆಳುವಾದದ್ದನ್ನು. ಹೊರಗಿನ ಒತ್ತಡ ಇಳಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ಸಡಿಲವಾದ ಫಿಲ್ಲಿಂಗ್ ಕೆಳಗೆ, ಸೋಂಕಾದ ಬೇರಿನ ತುದಿಯಲ್ಲಿ ಗಾಳಿ ಇದ್ದರೆ ಅದಕ್ಕೆ ಹಿಗ್ಗಲು ಜಾಗವಿಲ್ಲ. ಮೊದಲೇ ಊದಿದ ತಿರುಳು ಒತ್ತಡದ ಸಣ್ಣ ವ್ಯತ್ಯಾಸವನ್ನೂ ತಡೆಯದು. ಎರಡನೇ ಮಹಾಯುದ್ಧದ ಕಾಲದ ಪೈಲಟ್‌ಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ ಇದಕ್ಕೆ ಪ್ರತ್ಯೇಕ ಹೆಸರೇ ಬಂತು. ಈಗ ಬ್ಯಾರೋಡಾಂಟಾಲ್ಜಿಯಾ ಎನ್ನುತ್ತಾರೆ.

ಗಟ್ಟಿ ಹಲ್ಲಿಗೆ ಇದು ಬರುವುದಿಲ್ಲ. ವಿಮಾನ ಇಳಿದ ಮೇಲೆ ನೋವು ನಿಂತುಹೋದರೂ ಅದು ಮುನ್ಸೂಚನೆ ಎಂದೇ ತಿಳಿಯಿರಿ. ವಾಪಸ್ ಟಿಕೆಟ್‌ಗೆ ಮೊದಲು ಆ ಹಲ್ಲನ್ನು ತೋರಿಸಿ. ಇಳಿಯುವಾಗ ಮಾತ್ರ ಮೇಲ್ದವಡೆ ಹಿಂಡಿದಂತಾದರೆ ಹಲ್ಲಿಗಿಂತ ಸೈನಸ್ ಮೇಲೆ ಅನುಮಾನ ಹೆಚ್ಚು.

ಕರೆಂಟ್ ಹೊಡೆದಂಥ ನೋವು

ಈಗ ಆ ನರದ ಕಾಯಿಲೆಗೆ ಬರೋಣ. ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹೆಚ್ಚಾಗಿ 50 ದಾಟಿದವರಿಗೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಮುಖದ ಒಂದೇ ಬದಿ, ಕರೆಂಟ್ ಹೊಡೆದ ಹಾಗೆ, ಕ್ಷಣಗಳಿಂದ ಎರಡು ನಿಮಿಷದೊಳಗೆ ಮುಗಿಯುವ ಭಯಂಕರ ನೋವು. ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಹಲ್ಲುಜ್ಜುವುದು, ಮುಖ ತೊಳೆಯುವುದು, ಗಡ್ಡ ಕೆರೆಯುವುದು, ಮಾತು, ಒಂದು ತುತ್ತು ಅನ್ನ, ಕೆನ್ನೆಗೆ ತಾಗಿದ ತಣ್ಣನೆ ಗಾಳಿ, ಯಾವುದು ಬೇಕಾದರೂ ಕಿಡಿ ಹೊತ್ತಿಸಬಹುದು. ಚಳಿಯ ದೇಶಕ್ಕೆ ಹೋದವರಿಗೂ ಎಸಿಯ ಗಾಳಿಗೆ ನೇರ ಕೂತವರಿಗೂ ಇದು ಹೊಸ ಜಾಗದ ‘ಹವಾ’ದಿಂದ ಬಂದ ಹಲ್ಲುನೋವು ಎನಿಸುತ್ತದೆ. ನೋವು ಹಲ್ಲಿನಲ್ಲೇ ಕೇಳಿಸುವುದರಿಂದ ರೋಗಿಯೂ ವೈದ್ಯರೂ ಹಲ್ಲಿನ ಬೆನ್ನು ಹತ್ತುತ್ತಾರೆ.

ಸಾಮಾನ್ಯವಾಗಿ ಕಾರಣ, ಮಿದುಳಿನ ಬುಡದಲ್ಲಿ ಒಂದು ರಕ್ತನಾಳ ಈ ನರಕ್ಕೆ ಒತ್ತಿ ಅದರ ಹೊದಿಕೆ ಸವೆದಿರುವುದು. ಮಾಮೂಲು ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಝೆಪಿನ್ ಇದಕ್ಕೆ ಕೆಲಸ ಮಾಡುತ್ತದೆ ಎಂದು 1962ರಲ್ಲೇ ವರದಿಯಾಯಿತು. ಇಂದಿಗೂ ಮೊದಲ ಔಷಧಿ ಅದೇ. ಆದರೆ ಯಾರೋ ಹೇಳಿದರೆಂದು ನುಂಗುವ ಮಾತ್ರೆಯಲ್ಲ ಅದು. ಕೆಲವರಲ್ಲಿ, ಅದರಲ್ಲೂ ಏಷ್ಯಾದ ಕೆಲವು ಜನಸಮುದಾಯಗಳಲ್ಲಿ, ಚರ್ಮ ಸುಲಿದುಹೋಗುವಂಥ ಅಪಾಯದ ಅಲರ್ಜಿ ತರುತ್ತದೆ. ಮಾತ್ರೆಗೆ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯೂ ಇದೆ. ನಟ ಸಲ್ಮಾನ್ ಖಾನ್ ತಮಗೆ ಈ ಕಾಯಿಲೆ ಇದ್ದುದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ, 2011ರಲ್ಲಿ ಅಮೆರಿಕದಲ್ಲಿ ಚಿಕಿತ್ಸೆ ಪಡೆದರು. ಅವರ ಹೆಸರಿನೊಂದಿಗೆ ಸುತ್ತುವ ಫಾರ್ವರ್ಡ್‌ಗಳು ಇದನ್ನು ‘ಆತ್ಮಹತ್ಯೆಯ ಕಾಯಿಲೆ’ ಎಂದು ಕರೆಯುತ್ತವೆ. ನೋವಿನಲ್ಲಿರುವವರಿಗೆ ಆ ಹೆಸರು ಕಳಿಸುವುದು ಕ್ರೌರ್ಯ. ಚಿಕಿತ್ಸೆ ಇದೆ ಎಂಬ ಅರ್ಧ ವಾಕ್ಯ ಕಳಿಸಿದರೆ ಸಾಕು.

ಉರಿ

ಬಾಯಿಯೊಳಗೆ ಏನೂ ಕಾಣದಿದ್ದರೂ ಮೆಣಸಿನಕಾಯಿ ಕಡಿದಂತೆ ನಾಲಗೆ ಉರಿಯುವುದು ಇನ್ನೊಂದು ಬಗೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಬಿ12 ಅಥವಾ ಕಬ್ಬಿಣದ ಕೊರತೆ, ಸಕ್ಕರೆ ಕಾಯಿಲೆ, ಫಂಗಸ್ ಇವೆಯೇ ಎಂದು ಮೊದಲು ನೋಡುತ್ತಾರೆ. ಯಾವುದೂ ಸಿಗದಿದ್ದರೆ ಆಗ ಇದನ್ನು ಬರ್ನಿಂಗ್ ಮೌತ್ ಸಿಂಡ್ರೋಮ್ ಎಂದು ಗುರುತಿಸುತ್ತಾರೆ.

ನಮ್ಮ ಕಡೆ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಗುಟ್ಕಾ, ಅಡಿಕೆ, ತಂಬಾಕಿನ ಅಭ್ಯಾಸ ಇದೆಯೇ? ಖಾರ ತಾಗಿದರೆ ಉರಿ, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗುವುದು, ಬಾಯಿ ದಿನೇ ದಿನೇ ಕಿರಿದಾಗುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್‌ನ ಲಕ್ಷಣಗಳು. ಇದು ಮುಂದೆ ಕ್ಯಾನ್ಸರ್‌ಗೆ ತಿರುಗಬಲ್ಲದು. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದರಂತೆ ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹೋಗದಿದ್ದರೆ ತೋರಿಸಿಕೊಳ್ಳಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಸ್ಯಾಶೆ ಬೇರೆ ಮಾಡಿ ಮಾರುವ ಜಾಣತನ ನಿಮಗೂ ಗೊತ್ತು.

ಬೆಳಗಾಗುವವರೆಗೆ ಕಾಯಬಾರದ ನೋವು

ನಡೆದಾಗ, ಭಾರ ಎತ್ತಿದಾಗ ಕೆಳದವಡೆಯಲ್ಲಿ ಒತ್ತಿದಂಥ ನೋವು, ಜೊತೆಗೆ ಬೆವರು, ಏದುಸಿರು, ಎದೆಯ ಭಾರ ಇದ್ದರೆ ಅದು ಹೃದಯಾಘಾತ ಇರಬಹುದು. ಎದೆನೋವೇ ಇಲ್ಲದೆ ದವಡೆಯಲ್ಲಷ್ಟೇ ಕಾಣಿಸಿಕೊಳ್ಳುವುದೂ ಉಂಟು.

ಗದ್ದದ ಕೆಳಗೆ ಎರಡೂ ಬದಿ ಗಟ್ಟಿ ಬಾವು, ಜ್ವರ, ನಾಲಗೆ ಮೇಲಕ್ಕೆದ್ದಂತಾಗಿ ಉಗುಳು ನುಂಗಲಾಗದಿರುವುದು, ದನಿ ಬದಲಾಗುವುದು: ಇದು ಹಲ್ಲಿನ ಸೋಂಕು ಕುತ್ತಿಗೆಗೆ ಇಳಿಯುವ ಲುಡ್ವಿಗ್ಸ್ ಆಂಜೈನಾ. ಉಸಿರಿನ ದಾರಿಯೇ ಮುಚ್ಚಿಹೋಗಬಹುದು. ಇಲ್ಲಿ ಹಲ್ಲಿನ ಕ್ಲಿನಿಕ್ ಹುಡುಕಬೇಡಿ, ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. 50 ದಾಟಿದವರಿಗೆ ಅಗಿಯುವಾಗ ದವಡೆ ಸೋತು, ಕಣಕಣದ ನರ ಮುಟ್ಟಿದರೆ ನೋವಾಗಿ, ದೃಷ್ಟಿ ಮಂಜಾದರೂ ಅಷ್ಟೇ ತುರ್ತು.

ಆಂಬ್ಯುಲೆನ್ಸ್‌ಗೆ ಯುಎಇಯಲ್ಲಿ 998, ಸೌದಿಯಲ್ಲಿ 997, ಕತಾರಿನಲ್ಲಿ 999, ಕುವೈತಿನಲ್ಲಿ 112, ಒಮಾನಿನಲ್ಲಿ 9999. ಈ ಒಂದು ಸಾಲನ್ನು ಮಾತ್ರ ಧಾರಾಳವಾಗಿ ಫಾರ್ವರ್ಡ್ ಮಾಡಿ.

ಆ ರಾತ್ರಿಯನ್ನು ದಾಟುವುದು ಹೇಗೆ

ಹಲ್ಲಿನ ನೋವಿಗೆ ಊಟದ ನಂತರ ಐಬುಪ್ರೊಫೆನ್ 400 ಮಿಲಿಗ್ರಾಂ, ಜೊತೆಗೆ ಪ್ಯಾರಸಿಟಮಾಲ್ 500 ಮಿಲಿಗ್ರಾಂ ಸೇರಿಸಿದರೆ ಒಂದೊಂದನ್ನೇ ನುಂಗುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ರಕ್ತ ತೆಳು ಮಾಡುವ ಮಾತ್ರೆ, ಗರ್ಭ, ಆಸ್ತಮಾ ಇದ್ದವರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು. ಪ್ಯಾರಸಿಟಮಾಲ್ ದಿನಕ್ಕೆ 4 ಗ್ರಾಂ ದಾಟಬಾರದು, ಕುಡಿಯುವವರಿಗೆ ಇನ್ನೂ ಕಡಿಮೆ. ಇಲ್ಲೊಂದು ಎಡವಟ್ಟು: ಕೊಲ್ಲಿಯ ಪನಾಡಾಲ್, ಅಮೆರಿಕದ ಟೈಲೆನಾಲ್, ನಮ್ಮ ಡೋಲೋ ಮೂರೂ ಒಂದೇ ಔಷಧಿ. ಊರಿನದು ಕೇಳಲಿಲ್ಲವೆಂದು ಅಲ್ಲಿನದನ್ನೂ ನುಂಗಿದರೆ ಲಿವರ್‌ಗೆ ಡಬಲ್ ಡೋಸ್.

ಲವಂಗದ ಮಾತು ಪೂರ್ತಿ ಸುಳ್ಳಲ್ಲ. ಅದರಲ್ಲಿರುವ ಯೂಜಿನಾಲ್ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ದಂತವೈದ್ಯರೂ ಬಳಸುತ್ತಾರೆ. ಎಣ್ಣೆಯನ್ನು ಸುರಿದುಕೊಂಡರೆ ಒಸಡು ಸುಡುತ್ತದೆ, ಸೋಂಕು ಮಾತ್ರ ಅಲ್ಲೇ ಇರುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಇಟ್ಟುಕೊಳ್ಳುವುದು ಆಸಿಡ್ ಇಟ್ಟಂತೆ, ಬಿಳಿ ಹುಣ್ಣಾಗುತ್ತದೆ. ನಮ್ಮ ಗಡಿಭಾಗದ ಮನೆಗಳಲ್ಲಿ ಹಲ್ಲಿಗೆ ಉಜ್ಜುವ ಮಶೇರಿ, ಅಂದರೆ ಹುರಿದ ತಂಬಾಕಿನ ಪುಡಿ, ನೋವು ಮರೆಸುವುದು ನಿಕೋಟಿನ್‌ನಿಂದ. ಅದು ಔಷಧಿಯಲ್ಲ, ಬಾಯಿಯ ಕ್ಯಾನ್ಸರ್‌ನ ದಾರಿ.

ಹೊಗೆ ಹಾಕಿಸಿ ಹಲ್ಲಿನ ‘ಹುಳ’ ತೆಗೆಯುವ ವಿಡಿಯೊಗಳೂ ಓಡಾಡುತ್ತವೆ. ಹುಳುಕು ಎಂಬ ಪದದಲ್ಲೇ ಹುಳ ಕೂತಿರುವುದರಿಂದ ನಂಬುವುದು ಸುಲಭ. ಹುಳುಕು ಮಾಡುವುದು ಸಕ್ಕರೆ ತಿಂದು ಆಮ್ಲ ಬಿಡುವ ಬ್ಯಾಕ್ಟೀರಿಯಾ. ಬಟ್ಟಲಲ್ಲಿ ಬೀಳುವ ಬಿಳಿ ಎಳೆಗಳು ಬಿಸಿಗೆ ಒಡೆದ ಬೀಜದೊಳಗಿನ ಮೊಳಕೆ.

ಉಳಿದದ್ದು ಆಂಟಿಬಯಾಟಿಕ್. ಊರಿನ ಮೆಡಿಕಲ್ ಶಾಪ್ ಅಭ್ಯಾಸದಲ್ಲಿ ಅಮಾಕ್ಸಿಸಿಲಿನ್ ಕಟ್ಟಿಕೊಂಡು ಹೋಗುವವರಿದ್ದಾರೆ. ತಿರುಳು ಊದಿದ ನೋವನ್ನು ಅದು ಇಳಿಸುವುದಿಲ್ಲ. ಜ್ವರ, ಹರಡುವ ಬಾವು ಇದ್ದರೆ ವೈದ್ಯರೇ ಬರೆದುಕೊಡುತ್ತಾರೆ.

ಬ್ಯಾಗು ಕಟ್ಟುವ ಮೊದಲು

ಟ್ರಮಡಾಲ್, ಕೊಡೀನ್ ಇರುವ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಪೂರ್ವಾನುಮತಿ ಇಲ್ಲದೆ ಒಯ್ದರೆ ಜೈಲಿನವರೆಗೆ ಹೋಗಬಹುದು. ಅಮ್ಮ ಪ್ರೀತಿಯಿಂದ ಕಟ್ಟಿಕೊಡುವ ಗಸಗಸೆಯೂ ಅಲ್ಲಿ ನಿಷಿದ್ಧ. ಒಯ್ಯುವ ಮಾತ್ರೆಗಳನ್ನು ಅವುಗಳ ಮೂಲ ಸ್ಟ್ರಿಪ್‌ನಲ್ಲೇ ಇಟ್ಟು, ಬ್ರ್ಯಾಂಡ್ ಅಲ್ಲದೆ ಔಷಧಿಯ ಹೆಸರೇ ಇರುವ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಹಲ್ಲಿನ ತುರ್ತು ಚಿಕಿತ್ಸೆಗೆ ಎಷ್ಟು ಮಿತಿ ಎಂದು ಕೇಳಿ. ಅನೇಕ ಪಾಲಿಸಿಗಳು ನೋವು ಇಳಿಸುವಷ್ಟಕ್ಕೆ ಮಾತ್ರ ದುಡ್ಡು ಕೊಡುತ್ತವೆ.

ಹೊರಡುವ ತಿಂಗಳ ಮುಂಚೆ ಹಲ್ಲು ತೋರಿಸಿಕೊಳ್ಳುವುದು ಇವೆಲ್ಲಕ್ಕಿಂತ ಅಗ್ಗ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯದು ಮತ್ತು ಮರಾಠಾ ಮಂಡಳದ್ದು ಎಂದು ಎರಡು ದಂತ ಕಾಲೇಜುಗಳಿವೆ. ಕಾರಣ ಗೊತ್ತಾಗದ ನೋವಿದ್ದವರು ಅಲ್ಲಿ ಓರಲ್ ಮೆಡಿಸಿನ್ ವಿಭಾಗ ಕೇಳಬೇಕು.

ಪರದೇಶದಲ್ಲಿ ಕೀಳಲೇಬೇಕು ಎಂದರೆ ಒಪ್ಪುವ ಮೊದಲು ಎಕ್ಸ್‌ರೇ ಕೇಳಿ. ಯಾವ ಹಲ್ಲು, ಅದರಲ್ಲಿ ಏನಾಗಿದೆ ಎಂದು ತೋರಿಸಲು ಹೇಳಿ. ತೋರಿಸಲು ಏನೂ ಇಲ್ಲದಿದ್ದರೆ ಕೀಳಿಸಬೇಡಿ. ಎಕ್ಸ್‌ರೇಯ ಫೋಟೊ ಜೊತೆಗೆ ನಾಲ್ಕು ಸಾಲು ಬರೆದು ಊರಿನ ವೈದ್ಯರಿಗೆ ವಾಟ್ಸಾಪ್ ಮಾಡಿ: ಯಾವ ಬದಿ, ಎಷ್ಟು ಹೊತ್ತು, ಏನು ತಾಗಿದರೆ ಬರುತ್ತದೆ, ಯಾವ ಮಾತ್ರೆಗೆ ಇಳಿಯಿತು.